ಫ್ಯಾನಮ್ಮನೂ ಸೊಸೆಯ ಲ್ಯಾಪ್‌ಟಾಪೂ

ತಾನು ಸರಿ ಮಾಡಿದ ಫ್ಯಾನು ಮತ್ತೆ ಸದ್ದು ಮಾಡುತ್ತಿದೆ ಎಂಬ ಮಾತನ್ನು ಫ್ಯಾನಮ್ಮ ಅದುವರೆಗೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಕೇಳಿದ್ದು ಆ ಬುಧವಾರ ಬೆಳಿಗ್ಗೆ, ಅದೂ ತನ್ನದೇ ಅಡುಗೆಮನೆಯಲ್ಲಿ, ತನ್ನದೇ ಸೊಸೆಯ ಬಾಯಿಂದ. ಸೋಸುತ್ತಿದ್ದ ಚಹಾ ಲೋಟ ತುಂಬಿ ಕಟ್ಟೆಯ ಮೇಲೆಲ್ಲ ಹರಿಯಿತು. ಅದರ ಪರಿವೆಯೂ ಅವಳಿಗಿರಲಿಲ್ಲ.

"ಅತ್ತೇ, ಇನ್ನೂ ಸದ್ದು ಬರ್ತಿದೆ!" ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೂಗಿದಳು.

"ಯಾವುದರದ್ದು?"

"ಲ್ಯಾಪ್‌ಟಾಪಿಂದು! ನಿನ್ನೆ ಬಿಚ್ಚಿ ಸರಿ ಮಾಡಿದ್ರಲ್ಲ, ಅದೇ ಫ್ಯಾನು! ಮೊದಲು ಗರಗರ ಅಂತಿತ್ತು, ಈಗ ಗುಂಯ್ ಅಂತಿದೆ!"

ಫ್ಯಾನಮ್ಮ ದಂಗಾದಳು. ಹಳೆಯ ಸದ್ದು ಹೋಗಿಲ್ಲ ಅಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಹೊಸ ಸದ್ದು ಹುಟ್ಟಿದೆ ಅಂದರೆ? ಅಡುಗೆ ಮಾಡಿ ಬಡಿಸಿದವಳಿಗೇ ತಟ್ಟೆಯಲ್ಲಿ ಹುಳ ಎತ್ತಿ ತೋರಿಸಿದಂತಾಯಿತು.

ಅವಳ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮನೆಯ ಮುಂಭಾಗದಲ್ಲೇ ಅಂಗಡಿ. ಷಟರ್ ಎತ್ತಿದರೆ ಛಾವಣಿಯ ಕೊಕ್ಕೆಗಳಲ್ಲಿ ರೆಕ್ಕೆ ಕಳಚಿದ ಫ್ಯಾನುಗಳು ಕುಂಬಳಕಾಯಿಯಂತೆ ತೂಗಾಡುತ್ತಿದ್ದವು. ಗೋಡೆಗೆ ಒರಗಿಸಿದ ರೆಕ್ಕೆಗಳು, ತಾಮ್ರದ ತಂತಿಯ ಉರುಳೆಗಳು, ಗ್ರೀಸು ಮೆತ್ತಿದ ಡಬ್ಬಗಳು, ನಡುವೆ ಒಬ್ಬರು ಕೂರುವಷ್ಟು ಜಾಗ. ಅಂಗಡಿ ಇಟ್ಟವನು ಗಂಡ. ಏಣಿ ಹತ್ತುವುದು ಅವನ ಪಾಲಿಗೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು ಇವಳ ಪಾಲಿಗೆ. ಗಂಡ ತೀರಿಕೊಂಡ ಮೇಲೆ ಏಣಿಯನ್ನೂ ಇವಳೇ ಹತ್ತಿದಳು. ಸೀರೆ ಸೊಂಟಕ್ಕೆ ಸಿಕ್ಕಿಸಿ ಏಣಿಯ ತುದಿಯಲ್ಲಿ ನಿಂತವಳನ್ನು ನೋಡಿ ಮೊದಮೊದಲು ನಕ್ಕವರೇ ಆಮೇಲೆ ತಮ್ಮ ಮನೆಯ ಫ್ಯಾನು ಹೊತ್ತುಕೊಂಡು ಬಂದರು.

ಅವಳಿಗೊಂದು ಪದ್ಧತಿಯಿತ್ತು. ಫ್ಯಾನು ಓಡಲು ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಗಂಡನಿಂದ ಕಲಿತದ್ದು. ಬೇರಿಂಗ್ ಒಣಗಿದ್ದರೆ ಒಂದು ಬಗೆ, ಶಾಫ್ಟು ಸವೆದಿದ್ದರೆ ಇನ್ನೊಂದು ಬಗೆ; ಎಲ್ಲವೂ ಹಿಡಿಯೊಳಗಿಂದ ಹತ್ತಿ ಬರುತ್ತಿದ್ದವು. "ಕಿವಿಯೇ ನನ್ನ ಅಂಗಡಿ, ಉಳಿದದ್ದೆಲ್ಲ ಬರೀ ಸಾಮಾನು" ಎಂದು ಅವಳು ಹೇಳಿಕೊಳ್ಳುವುದಿತ್ತು. ಜಂಬಕ್ಕೆ ಹೇಳಿದ್ದಲ್ಲ, ಹಾಗೆಂದೇ ನಂಬಿದ್ದಳು.

ಅಂಗಡಿಯಲ್ಲಿ ಯಾವಾಗಲೂ ಎರಡು ಮೂರು ಫ್ಯಾನುಗಳು ಪರೀಕ್ಷೆಗೆಂದು ಓಡುತ್ತಲೇ ಇರುತ್ತಿದ್ದವು. ಹಾಗಾಗಿ ಬಂದವರೆಲ್ಲ ಗಂಟಲು ಹರಿದುಕೊಂಡೇ ಮಾತಾಡಬೇಕು. ಇವಳೊಬ್ಬಳ ದನಿ ಮಾತ್ರ ಮೆತ್ತಗೆ. ಎಷ್ಟು ಮೆತ್ತಗೆಂದರೆ ಗಿರಾಕಿಗಳು "ಏನಂದ್ರಿ?" ಎಂದು ಮುಂದಕ್ಕೆ ಬಾಗುತ್ತಿದ್ದರು. ಈಗಿನ ಜನಕ್ಕೆ ಮೆಲ್ಲಗೆ ಮಾತಾಡುವ ಸೌಜನ್ಯವೇ ಉಳಿದಿಲ್ಲ, ಎಲ್ಲರೂ ಜಗಳಕ್ಕೆ ನಿಂತವರ ಹಾಗೆ ಅರಚುತ್ತಾರೆ ಎಂಬುದು ಅವಳ ದೂರು. ಆ ಅರಚುವವರ ಪೈಕಿ ಮೊದಲ ಸಾಲಿನಲ್ಲಿದ್ದವಳು ಸೊಸೆ.

ಮದುವೆಯಾಗಿ ಬಂದಾಗ ಹುಡುಗಿಯ ಬಾಯಿಂದ ಮಾತು ಹೊರಡುವುದೇ ಕಷ್ಟವಿತ್ತು. ಬರುಬರುತ್ತಾ ದನಿ ಏರಿತು. "ಅತ್ತೇ, ಊಟಕ್ಕೆ ಬನ್ನಿ!" ಎಂದರೆ ಎದುರುಮನೆ ದರ್ಜಿಯೂ ಕತ್ತರಿ ಕೆಳಗಿಡಬೇಕು, ಅಷ್ಟು ಜೋರು. ಫ್ಯಾನಮ್ಮ ಇದನ್ನು ದರ್ಜಿಯ ಬಳಿ, ತರಕಾರಿಯವಳ ಬಳಿ, ಗಂಡನ ತಂಗಿಯ ಬಳಿ ಹೇಳಿ ಹೇಳಿ ಹಳಸಲು ಮಾಡಿದ್ದಳು. ಕೇಳಿದವರೆಲ್ಲ ಮುಖ ಮುಖ ನೋಡಿಕೊಂಡು ಸುಮ್ಮನಾಗುತ್ತಿದ್ದರು. ಸೊಸೆಗೆ ಹೆದರಿ ಹಾಗೆ ಮಾಡುತ್ತಾರೆಂದು ಇವಳ ಎಣಿಕೆ.

ಈ ಸೊಸೆಗೆ ಆ ತಿಂಗಳು ಒಂದು ಕೆಲಸ ಸಿಕ್ಕಿತ್ತು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿ ಮುದ್ರಿಸುವ ಸಂಸ್ಥೆ. ಅವರು ಕೊಟ್ಟ ಮೈಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಿಟಕಿಗೆ ಕಂಬಳಿ ಕಟ್ಟಿ, ನಡುಮನೆಯ ಪಕ್ಕದ ಕೋಣೆಯಲ್ಲಿ ಕೂತು ಓದಬೇಕು. ಮದುವೆಗೆ ಮುಂಚೆಯೂ ಅವಳು ಅಂಥ ಕೆಲಸಕ್ಕೆ ಹಂಬಲಿಸಿದ್ದಳಂತೆ. ಓದಲು ಕೂರುವ ಮುನ್ನ ಬಿಸಿನೀರು ಕುಡಿಯುತ್ತಿದ್ದಳು, ಗಂಟಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. "ರಾಣಿಯಮ್ಮನ ಉಪಚಾರ ಆಯ್ತಾ?" ಎಂದು ಫ್ಯಾನಮ್ಮ ಚುಚ್ಚುತ್ತಿದ್ದಳು. ಮೊದಲ ಪುಸ್ತಕದ ಮೊದಲ ಅಧ್ಯಾಯ ಕಳಿಸಿದ್ದಕ್ಕೆ ಸಂಸ್ಥೆಯಿಂದ ಉತ್ತರ ಬಂತು: ಓದು ಚೆನ್ನಾಗಿದೆ, ಆದರೆ ನಿಮ್ಮ ದನಿಯ ಹಿಂದೆ ಏನೋ ಗರಗರ ಅನ್ನುತ್ತಿದೆ. ಶನಿವಾರದೊಳಗೆ ಸದ್ದಿಲ್ಲದ ಓದು ಬಾರದಿದ್ದರೆ ಪುಸ್ತಕವನ್ನು ಬೇರೆಯವರಿಗೆ ಕೊಡುತ್ತೇವೆ.

ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಕೊಂಡೊಯ್ದರೆ ಅಂಗಡಿಯವನು ಒಂದು ವಾರ ಇಟ್ಟುಕೊಳ್ಳುತ್ತೇನೆ ಅಂದ. ಅದೂ ಅಲ್ಲದೆ, ಫ್ಯಾನಮ್ಮನ ಮನೆಯ ಫ್ಯಾನು ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದೆಂದರೇನು!

"ಕೊಡು ಇಲ್ಲಿ. ರೆಕ್ಕೆ ಇರೋದೆಲ್ಲ ನಮ್ಮ ನೆಂಟರೇ" ಎಂದು ಮಂಗಳವಾರ ಅವಳೇ ಅದನ್ನು ಕಸಿದುಕೊಂಡು ಕೂತಿದ್ದಳು.

ಮಗ ಪಕ್ಕದಲ್ಲಿದ್ದು ಬ್ಯಾಟರಿಯ ಸಂಪರ್ಕ ಕಳಚಿಕೊಟ್ಟು ಕೆಲಸಕ್ಕೆ ಹೋದ. ಬೆನ್ನಿನ ಮುಚ್ಚಳ ತೆಗೆದಾಗ ಫ್ಯಾನಮ್ಮನಿಗೆ ನಗು ಬಂತು. ಬಿಸ್ಕತ್ತಿನಷ್ಟು ಅಗಲದ ಫ್ಯಾನು, ಬಾಚಣಿಗೆಯ ಹಲ್ಲಿನಂಥ ರೆಕ್ಕೆಗಳು. ಗಾಳಿ ಹೊರಹೋಗುವ ಕಿಂಡಿಗೆ ಧೂಳು ಕಂಬಳಿಯಂತೆ ಹೆಣೆದುಕೊಂಡು ಕೂತಿತ್ತು. ಅದನ್ನು ಚಿಮುಟದಲ್ಲಿ ಎಳೆದು ತೆಗೆದಳು, ರೆಕ್ಕೆಗಳನ್ನು ಕುಂಚದಿಂದ ಒರೆಸಿದಳು, ಒಣಗಿದ್ದ ನಡುಗಂಬಕ್ಕೆ ಸೂಜಿಯ ಮೊನೆಯಲ್ಲಿ ಎಣ್ಣೆಯ ಹನಿ ಇಟ್ಟಳು, ಮತ್ತೆ ಕೂರಿಸಿ ಮುಚ್ಚಿದಳು. ಮೊದಲು ಅಂಗೈ ಇಟ್ಟರೆ ನಡುಗುತ್ತಿದ್ದ ಯಂತ್ರ ಈಗ ನಡುಗಲಿಲ್ಲ. ಬಾಗಿ ಕಿವಿಗೊಟ್ಟಳು. ಹಾಲು ಕುಡಿದು ಮಲಗಿದ ಕೂಸಿನ ಹಾಗೆ ತೆಪ್ಪಗಿತ್ತು. ಇಷ್ಟು ಪುಟ್ಟ ಸಾಮಾನಿಗೆ, ಅದೂ ಕನ್ನಡಿಯಂಥ ಪರದೆ ಇರುವುದಕ್ಕೆ, ಉದ್ದನೆಯ ಸ್ಕ್ರೂಡ್ರೈವರ್ ಒತ್ತಿ ನೋಡುವ ಮಾತೇ ಅವಳಿಗೆ ಹೊಳೆಯಲಿಲ್ಲ. ಮೇಜಿನ ಮೇಲಿರುವ ವಸ್ತು, ಕಿವಿ ಬಗ್ಗಿಸಿದರಾಯಿತು.

ಅಂಥದ್ದರಲ್ಲಿ ಬುಧವಾರ ಬೆಳಿಗ್ಗೆ ಈ ಮಾತು.

ಫ್ಯಾನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೋಣೆಗೆ ನಡೆದಳು. ಲ್ಯಾಪ್‌ಟಾಪಿನ ಮೇಲೆ ಕಿವಿಯಿಟ್ಟಳು. ಎಡಗಿವಿ ಇಟ್ಟಳು, ಬಲಗಿವಿ ಇಟ್ಟಳು.

"ಏನೂ ಇಲ್ಲವಲ್ಲೇ."

"ಇದೆ ಅತ್ತೇ! ಸರಿಯಾಗಿ ಕೇಳಿ!"

"ಸರಿಯಾಗಿ ಕೇಳೋದನ್ನ ನೀನು ನನಗೆ ಕಲಿಸ್ತೀಯಾ?"

ಸೊಸೆ ಬಾಯಿ ತೆರೆದು ಮತ್ತೆ ಮುಚ್ಚಿದಳು. ಫ್ಯಾನಮ್ಮನ ತಲೆಯಲ್ಲಿ ಅನುಮಾನದ ಹುಳ ಹರಿದಾಡಲು ಅಷ್ಟು ಸಾಕಾಯಿತು. ಕೆಲವು ದಿನಗಳ ಹಿಂದೆ ಮಗ ಸೊಸೆ ಇಬ್ಬರೂ ಕೂತು ಯಾವುದೋ ಹೊಸ ಲ್ಯಾಪ್‌ಟಾಪಿನ ಚಿತ್ರ ನೋಡುತ್ತಿದ್ದುದು ಅವಳಿಗೆ ನೆನಪಾಯಿತು. ಓಹೋ, ಹೀಗಾ ವಿಷಯ ಅಂದುಕೊಂಡಳು.

ಸಂಜೆ ಮಗ ಬಂದ. ಕೂತು ಕೇಳಿ, "ಹೌದಮ್ಮ, ಸದ್ದಿದೆ" ಎಂದು ಅವನೂ ಜೋರಾಗಿಯೇ ಅಂದ. ಫ್ಯಾನಮ್ಮನಿಗೆ ಎದೆಗೆ ಗುದ್ದಿದಂತಾಯಿತು. ಹೆಂಡತಿ ಕುಣಿಸಿದ ಹಾಗೆ ಕುಣಿಯುವವನು ಎಂದು ಬೇರೆಯವರ ಮಕ್ಕಳನ್ನು ಆಡಿಕೊಂಡವಳು ಅವಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಹೀಗೆ ಕಣ್ಣೆದುರು ನಿಂತು ತನ್ನ ಕೆಲಸಕ್ಕೆ ಮಸಿ ಬಳಿಯುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದೇ ಹೊತ್ತಿಗೆ ಬಂದವಳು ನಾದಿನಿ. ಹಿಂದಿನ ಬೀದಿಯಲ್ಲೇ ಮನೆ, ನಾಲಿಗೆ ಚುರುಕು, ಯಾರ ಮುಲಾಜೂ ಇಲ್ಲದವಳು. ಫ್ಯಾನಮ್ಮ ಅವಳ ಕೈ ಹಿಡಿದೆಳೆದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು.

"ನೀನೇ ಹೇಳು. ಸದ್ದಿದೆಯಾ, ಇಲ್ವಾ?"

ನಾದಿನಿ ಒಮ್ಮೆ ಲ್ಯಾಪ್‌ಟಾಪ್ ನೋಡಿದಳು, ಒಮ್ಮೆ ಅತ್ತಿಗೆಯನ್ನು ನೋಡಿದಳು. ಯಾವಾಗಲೂ ತಟ್ಟನೆ ಮಾತಾಡುವವಳು ಅಂದು ತಡವರಿಸಿದಳು.

"ನನ್ನನ್ನ ಯಾಕೆ ಎಳೀತೀರಿ ಅತ್ತಿಗೆ! ನನ್ನ ಕಿವಿ ಯಾವ ಲೆಕ್ಕಕ್ಕೆ? ನಮ್ಮೆಜಮಾನ್ರ ಗೊರಕೆ ಕೇಳಿ ಕೇಳಿ ಎಂದೋ ಹಾಳಾಗಿದೆ!"

"ನೋಡಿದ್ಯಾ!" ಫ್ಯಾನಮ್ಮ ಸೊಸೆಯತ್ತ ತಿರುಗಿದಳು. "ಇಲ್ಲದ ಸದ್ದನ್ನ ಇದೆ ಅಂತ ಸಾಧಿಸ್ತೀಯಾ? ಹೊಸದು ಬೇಕಾದ್ರೆ ಬೇಕು ಅಂತ ಕೇಳಬೇಕಿತ್ತು. ಸುಳ್ಳು ಯಾಕೆ ಹೇಳಬೇಕು? ಅದೂ ಕಿರುಚಿ ಕಿರುಚಿ! ಬಂದಾಗ ಹೇಗಿದ್ದವಳು ಹೇಗಾದೆ ನೀನು! ಈ ಮನೇಲಿ ಸದ್ದು ಮಾಡ್ತಿರೋದು ಆ ಫ್ಯಾನಲ್ಲ ಕಣೇ, ನೀನು."

ಇಷ್ಟನ್ನೂ ಅವಳು ತನ್ನ ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದಳು. ಅದಕ್ಕೇ ಇನ್ನೂ ಆಳಕ್ಕೆ ನಾಟಿತೇನೋ. ಮಗ ಬೆಪ್ಪಾಗಿ ನಿಂತ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೊಸೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಏನೋ ಹೇಳಲು ತುಟಿ ಅಲುಗಿಸಿದಳು, ಕೋಣೆಯಿಂದ ಹೊರಗೆ ಹೋದಳು.

ಗುರುವಾರ ಮನೆ ತಣ್ಣಗಿತ್ತು. ಕೂಗಿಲ್ಲ, ಅರಚಾಟವಿಲ್ಲ. ಸೊಸೆ ತಟ್ಟೆ ತಂದಿಟ್ಟಳು, ಚಹಾ ತಂದಿಟ್ಟಳು, ತುಟಿ ಅಲುಗಿಸಿದಳು, ಹೋದಳು. ದಾರಿಗೆ ಬಂದಳಲ್ಲ ಎಂದು ಬೆಳಿಗ್ಗೆಯೆಲ್ಲ ಫ್ಯಾನಮ್ಮ ಒಳಗೊಳಗೇ ಗೆದ್ದವಳ ಹಾಗೆ ತಿರುಗಿದಳು. ಮಧ್ಯಾಹ್ನದ ಹೊತ್ತಿಗೆ ಆ ಗೆಲುವು ಸಪ್ಪಗಾಯಿತು. ಸೊಸೆ ಮತ್ತೆ ಮತ್ತೆ ತುಟಿ ಅಲುಗಿಸುತ್ತಿದ್ದಳು. ದನಿ ಮಾತ್ರ ಇಲ್ಲ. ಬಾಯೊಳಗೇ ಶಪಿಸುತ್ತಿದ್ದಾಳೆಯೇ?

"ಏನು ಗೊಣಗ್ತೀಯಾ? ಇದ್ದರೆ ಎದುರಿಗೆ ಹೇಳು."

ಸೊಸೆ ಅವಳ ಕಣ್ಣನ್ನೇ ನೋಡುತ್ತಾ ಮತ್ತೆ ತುಟಿ ಅಲುಗಿಸಿದಳು. ಎದುರಿಗೇ ನಿಂತು ಗೊಣಗುವಷ್ಟು ಸೊಕ್ಕೇ!

ಶುಕ್ರವಾರ ಊಟದ ಹೊತ್ತಿಗೆ ತಡೆಯಲಾರದೆ ದರ್ಜಿಯ ಅಂಗಡಿಗೆ ದಾಟಿದಳು. ಕಾಲರಿಗೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ ದರ್ಜಿ ತಲೆಯೆತ್ತಿ, "ಏನಮ್ಮಾ! ಅಂಗಡಿ ಬಿಟ್ಟು ಬಂದ್ರಿ! ಊಟ ಆಯ್ತಾ!" ಎಂದು ಎಂದಿನಂತೆ ಕೂಗಿದ.

"ಊಟ ಯಾರಿಗೆ ಬೇಕು? ಸೊಸೆ ಮಾತು ಬಿಟ್ಟಿದ್ದಾಳೆ. ಮೂಗಿ ಹಾಗೆ ತುಟಿ ಅಲುಗಿಸ್ತಾಳೆ."

ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯತ್ತ ತಿರುಗಿದ. ಅವನ ತುಟಿ ಅಲುಗಿತು. ದನಿಯಿಲ್ಲ. ಹೆಂಡತಿಯೂ ತುಟಿ ಅಲುಗಿಸಿದಳು. ಅವನು ತಲೆಯಾಡಿಸಿದ. ಅವಳು ದಾರ ಕಡಿದು ಕತ್ತರಿಯನ್ನು ಅವನ ಕೈಗೆ ಕೊಟ್ಟಳು.

ಫ್ಯಾನಮ್ಮ ಕಣ್ಣು ಬಿಟ್ಟುಕೊಂಡು ನಿಂತಳು. ಅವನು ಕತ್ತರಿ ಕೇಳಿದ್ದನೇ? ಯಾವಾಗ ಕೇಳಿದ?

"ಏನು ಮಾತಾಡಿಕೊಂಡ್ರಿ ನೀವಿಬ್ಬರೂ?"

"ಏನಿಲ್ಲಮ್ಮಾ! ಕತ್ತರಿ ಕೊಡು ಅಂದೆ!" ದರ್ಜಿ ಮತ್ತೆ ಕೂಗಿದ.

ಅವಳು ತಟ್ಟನೆ ತಿರುಗಿ ಹೊರಟಳು. ಏಕೆಂದು ಆಗಲೇ ಪೂರ್ತಿ ತಿಳಿಯಲಿಲ್ಲ. ಬೀದಿ ದಾಟುವಾಗ ಸೈಕಲ್ಲಿನವನೊಬ್ಬ ಗಕ್ಕನೆ ನಿಲ್ಲಿಸಿ, ಕೈ ಬೀಸಿ ಏನೋ ಬೈದ. ಅವನ ಬೆರಳು ಗಂಟೆಯ ಮೇಲೆ ಕುಣಿಯುತ್ತಿತ್ತು. ಅದೂ ಕೇಳಿಸಲಿಲ್ಲ. ಅವಳು ಅಲ್ಲಿ ನಿಲ್ಲಲಿಲ್ಲ.

ಮನೆಯಲ್ಲಿ ಕೋಣೆಯ ಬಾಗಿಲು ಅರೆ ತೆರೆದಿತ್ತು. ಸೊಸೆ ಗಂಟಲಿಗೆ ಬಟ್ಟೆ ಸುತ್ತಿಕೊಂಡು, ಮೈಕಿನ ಮುಂದೆ ಪುಸ್ತಕ ಹಿಡಿದು ಕೂತಿದ್ದಳು. ಹೇಗಾದರೂ ಸದ್ದು ತಪ್ಪಿಸಿ ಓದಲು ನೋಡುತ್ತಿದ್ದಳೆಂದು ಕಾಣುತ್ತದೆ. ಲ್ಯಾಪ್‌ಟಾಪಿನ ಹಿಂಬದಿಗೆ ದಿಂಬು ಒಡ್ಡಿದ್ದಳು. ಅವಳ ತುಟಿ ಅಲುಗುತ್ತಿತ್ತು. ದನಿಯಿಲ್ಲ. ಆದರೆ ಪರದೆಯ ಮೇಲೆ ಒಂದು ಹಸಿರು ಗೆರೆ ಅವಳ ತುಟಿಗೆ ಸರಿಯಾಗಿ ಎದ್ದೆದ್ದು ಕುಣಿಯುತ್ತಿತ್ತು.

ಫ್ಯಾನಮ್ಮ ಓದಿದವಳಲ್ಲ, ಆದರೆ ಮೀಟರಿನ ಮುಳ್ಳನ್ನು ದಿನವೂ ನೋಡುವವಳು. ತಂತಿಯಲ್ಲಿ ಕರೆಂಟಿಲ್ಲದೆ ಮುಳ್ಳು ಏಳುವುದಿಲ್ಲ. ಗೆರೆ ಏಳುತ್ತಿದೆ ಎಂದರೆ ಅಲ್ಲಿ ಏನೋ ಇದೆ. ಸೊಸೆ ಹಾಳೆ ತಿರುವಲು ಬಾಯಿ ಮುಚ್ಚಿದಳು. ಗೆರೆ ಆಗ ನೆಲಕ್ಕೆ ಮಲಗಬೇಕಿತ್ತು. ಮಲಗಲಿಲ್ಲ. ದಪ್ಪ ಹುರಿಯಂತೆ ಊದಿಕೊಂಡು ನಡುಗುತ್ತಲೇ ಇತ್ತು.

ಅವಳು ಸೊಂಟದಲ್ಲಿ ಸಿಕ್ಕಿಸಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ಎಳೆದು ಒಳಗೆ ನುಗ್ಗಿದಳು. ಸೊಸೆ ಬೆಚ್ಚಿಬಿದ್ದು ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಸಿಟ್ಟಿನಲ್ಲಿ ಒಡೆದೇ ಹಾಕುತ್ತಾರೆ ಎಂದುಕೊಂಡಿರಬೇಕು.

"ಬಿಡೇ, ಏನೂ ಮಾಡಲ್ಲ."

ಗಾಳಿಯ ಕಿಂಡಿಯ ಪಕ್ಕದಲ್ಲಿ ತುದಿಯನ್ನು ಹಗುರಾಗಿ ಇಟ್ಟಳು. ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದಳು.

ತಲೆಬುರುಡೆಯೊಳಕ್ಕೆ ಕಣಜದ ಹುಳವೇ ಹೊಕ್ಕಂತಾಯಿತು. ಗುಂಯ್ ಎಂಬ ಸದ್ದು, ಅದರ ನಡುನಡುವೆ ಚಿರ್ ಚಿರ್ ಎಂದು ಏನೋ ಸವರುವ ಸದ್ದು. ಹಿಡಿಯನ್ನು ಮೂಳೆಯಿಂದ ತೆಗೆದಳು. ಏನೂ ಇಲ್ಲ. ಮತ್ತೆ ಆನಿಸಿದಳು. ಕಣಜ. ತೆಗೆದಳು. ಬಾವಿಯ ತಳದಲ್ಲಿ ಕೂತಂಥ ಮೌನ. ಇನ್ನೊಂದು ಕಿವಿಯ ಹಿಂದೆ ಇಟ್ಟಳು, ತೆಗೆದಳು. ಅಲ್ಲಿಯೂ ಅದೇ.

ಅವಳು ಮಂಚದ ಅಂಚಿನ ಮೇಲೆ ಕೂತಳು. ಸದ್ದು ಇದೆ. ಸದ್ದು ಇತ್ತು. ಸೊಸೆ ಹೇಳಿದ್ದು ಅಕ್ಷರಶಃ ನಿಜ. ಇಲ್ಲದಿದ್ದದ್ದು ಕಿವಿ. ಇಷ್ಟು ಕಾಲ ಸ್ಕ್ರೂಡ್ರೈವರಿನ ಹಿಡಿಯಿಂದ ಮೂಳೆಯ ದಾರಿಯಲ್ಲಿ ಎಲ್ಲ ಕೇಳುತ್ತಿತ್ತಲ್ಲ, ಮೆಲ್ಲಗೆ ಆಡಿದ ತನ್ನ ಮಾತೂ ಹಾಗೆಯೇ ತಲೆಯೊಳಗೆ ಕೇಳುತ್ತಿತ್ತಲ್ಲ, ಅದರಿಂದಾಗಿ ಕಿವಿ ಯಾವಾಗ ಕೈಕೊಟ್ಟಿತೋ ಗೊತ್ತೇ ಆಗಿರಲಿಲ್ಲ.

"ಮಾತಾಡು" ಅಂದಳು ಸೊಸೆಗೆ. "ಕೂಗಬೇಡ. ಬೇರೆಯವರ ಹತ್ತಿರ ಮಾತಾಡೋ ಹಾಗೆ ಮಾತಾಡು."

ಸೊಸೆಯ ತುಟಿ ಅಲುಗಿತು. ಪರದೆಯ ಗೆರೆ ಎದ್ದು ಬಿತ್ತು. ಫ್ಯಾನಮ್ಮನಿಗೆ ತಲುಪಿದ್ದು ಉಸಿರಿನಷ್ಟೂ ಇಲ್ಲ.

"ಏನಂದೆ?"

ಸೊಸೆ ಉಸಿರೆಳೆದುಕೊಂಡು ಕೂಗಿದಳು: "ಅಳಬೇಡಿ ಅಂದೆ ಅತ್ತೇ!"

ತಾನು ಅಳುತ್ತಿದ್ದುದು ಫ್ಯಾನಮ್ಮನಿಗೆ ಆಗಲೇ ತಿಳಿದದ್ದು.

ಶನಿವಾರಕ್ಕೆ ಉಳಿದದ್ದು ಒಂದು ಸಂಜೆ. ಯಂತ್ರ ಆರಿಸಿ, ಬೆನ್ನಿನ ಮುಚ್ಚಳ ಮತ್ತೆ ಬಿಚ್ಚಿದರು. ಈ ಸಲ ಬ್ಯಾಟರಿಯ ಸಂಪರ್ಕವನ್ನು ಸೊಸೆಯೇ ಕಳಚಿದಳು. ಫ್ಯಾನಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಎಣ್ಣೆ ಸರಿಯಿತ್ತು, ರೆಕ್ಕೆ ಸರಿಯಿದ್ದವು. ಫ್ಯಾನಿಗೆ ಹೋಗುವ ಕೂದಲೆಳೆಯಂಥ ತಂತಿ ಕೂರಬೇಕಾದ ಸಣ್ಣ ಕಾಲುವೆಯಿಂದ ಹೊರಗೆ ಎದ್ದು, ರೆಕ್ಕೆಗಳ ಅಂಚಿಗೆ ತಾಗುವಂತೆ ಬಾಗಿತ್ತು. ಮೇಲುಗಡೆಯ ಹೊದಿಕೆ ಸವೆದು ಹೊಳೆಯುತ್ತಿತ್ತು. ಮಂಗಳವಾರ ಮತ್ತೆ ಕೂರಿಸುವಾಗ, ಮನೆಯ ಫ್ಯಾನುಗಳ ತಂತಿಯನ್ನು ಬಿಡುವ ಹಾಗೆಯೇ ಇದನ್ನೂ ಸಡಿಲವಾಗಿ ಬಿಟ್ಟವಳು ಅವಳೇ. ಮಗನ ಮೇಲೆ ಹಾಕುವಂತಿಲ್ಲ, ಕಂಪನಿಯ ಮೇಲೆ ಹಾಕುವಂತಿಲ್ಲ. ತನ್ನ ಕೈ ಹುಟ್ಟಿಸಿದ ಸದ್ದಿಗೆ ತಾನೇ ಸೊಸೆಯನ್ನು ಸುಳ್ಳಿ ಅಂದಿದ್ದಳು.

"ನೋಡು" ಎಂದು ಸೊಸೆಗೆ ತೋರಿಸಿದಳು. "ನನ್ನ ಕೆಲಸ ಇದು."

ಸೊಸೆ ನೋಡಿದಳು, ಏನೂ ಹೇಳಲಿಲ್ಲ. ಅಥವಾ ಹೇಳಿದಳೋ ಏನೋ.

ಸವೆದ ಕಡೆ ಪಟ್ಟಿ ಸುತ್ತಿ, ತಂತಿಯನ್ನು ಚಿಮುಟದಿಂದ ಕಾಲುವೆಗೆ ಕೂರಿಸಿ, ಮೇಲೆ ಅಂಟುಪಟ್ಟಿಯ ಚೂರು ಒತ್ತಿದಳು. ರೆಕ್ಕೆಯನ್ನು ಬೆರಳಿನಿಂದ ಸುತ್ತಿಸಿ ಎಲ್ಲಿಯೂ ತಾಗುವುದಿಲ್ಲವೆಂದು ನೋಡಿದಳು. ಮುಚ್ಚಿ ಚಾಲೂ ಮಾಡಿದ ಮೇಲೆ ಸ್ಕ್ರೂಡ್ರೈವರ್ ಇಟ್ಟಳು. ನಿದ್ದೆಯಲ್ಲಿ ಉಸಿರಾಡುವಂಥ ಮೆಲ್ಲನೆಯ ಗಾಳಿ, ಅಷ್ಟೆ. ಆದರೂ ಅವಳಿಗೆ ಈಗ ತನ್ನ ಮೇಲೆ ನಂಬಿಕೆಯಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ನೆಲಕ್ಕೆ ಮಲಗಿದ್ದನ್ನು ಕಣ್ಣಾರೆ ಕಂಡು, ಸೊಸೆ ಹೌದೆಂದು ತಲೆಯಾಡಿಸಿದ ಮೇಲೆಯೇ ಬಾಗಿಲು ಎಳೆದುಕೊಂಡು ಹೊರಬಂದಳು.

ಸಂಜೆ ಮಗ ಬಂದ, ಹಿಂದೆಯೇ ನಾದಿನಿ. ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿ ಫ್ಯಾನಮ್ಮ ಅಂದಳು: "ಅವಳು ಹೇಳಿದ್ದು ಸುಳ್ಳಲ್ಲ. ಸದ್ದಿತ್ತು. ನಿಮಗೊಂದು ವಿಷಯ ಹೇಳಬೇಕು, ಗಾಬರಿ ಆಗಬೇಡಿ. ನನಗೆ ಕಿವಿ ಕೇಳಿಸ್ತಿಲ್ಲ."

ಇಬ್ಬರೂ ಗಾಬರಿಯಾಗಲಿಲ್ಲ. ಮಗ ತಲೆ ತಗ್ಗಿಸಿದ.

"ಗೊತ್ತಮ್ಮಾ!"

"ಗೊತ್ತಾ? ಯಾವಾಗಿಂದ?"

"ನನ್ನ ಮದುವೆಗೂ ಮುಂಚಿನಿಂದ!"

ಫ್ಯಾನಮ್ಮನಿಗೆ ಗರ ಬಡಿದಂತಾಯಿತು. ಮಗನನ್ನು ನೋಡಿದಳು, ನಾದಿನಿಯನ್ನು ನೋಡಿದಳು. "ನಿನಗೂ ಗೊತ್ತಿತ್ತಾ?"

"ಇಡೀ ಬೀದಿಗೆ ಗೊತ್ತು ಅತ್ತಿಗೆ! ದರ್ಜಿಗೆ, ತರಕಾರಿಯವಳಿಗೆ, ಅಂಚೆಯವನಿಗೆ! ನಿಮ್ಮ ಅಂಗಡಿಗೆ ಹೊಸಬರು ಬಂದ್ರೆ ದರ್ಜಿನೇ ಮೊದಲು ಹೇಳಿ ಕಳಿಸ್ತಾನೆ, ಜೋರಾಗಿ ಮಾತಾಡಿ ಅಂತ!"

ಅರಚುತ್ತಾರೆಂದು ಅವಳು ಬೈದುಕೊಂಡಿದ್ದ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಯಾರಿಗೂ ಜಗಳ ಬೇಕಿರಲಿಲ್ಲ. ಎಲ್ಲರೂ ತನ್ನನ್ನು ಮಗುವಿನಂತೆ ಕೈಹಿಡಿದು ದಾಟಿಸುತ್ತಿದ್ದರು, ತಾನು ಮಾತ್ರ ಎದೆ ಸೆಟೆಸಿ ನಡೆಯುತ್ತಿದ್ದಳು.

"ಒಬ್ಬರಿಗಾದ್ರೂ ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ದೆ ಅಮ್ಮ!" ಎಂದ ಮಗ. "ಡಾಕ್ಟರ ಹತ್ತಿರ ಹೋಗೋಣ ಅಂದೆ! ನೀನು 'ಹೂಂ, ನಾಳೆ ತಂದ್ರಾಯ್ತು' ಅಂದೆ! ಏನು ತರೋದು ಅಂತ ನನಗೂ ತಿಳೀಲಿಲ್ಲ! ಆಮೇಲೆ, ಕಿವಿಯೇ ನನ್ನ ಅಂಗಡಿ ಅಂತೀಯ... ಹೇಗೆ ಹೇಳೋದು?"

ನಾದಿನಿಗೆ ನಗು ಉಕ್ಕಿತು, ತಡೆದುಕೊಂಡಳು. ಆಮೇಲೆ ಮುಂದೆ ಬಾಗಿ ಅತ್ತಿಗೆಯ ಮೊಣಕೈ ಹಿಡಿದಳು. "ನಾವೆಲ್ಲ ಬಂದು ಒಂದು ಗಳಿಗೆ ಕೂಗಿ ಹೋಗ್ತೀವಿ! ಆ ಹುಡುಗಿ ದಿನವಿಡೀ ಕೂಗ್ತಾಳೆ! ಗಂಟಲೇ ಅವಳ ಕೆಲಸ ಅತ್ತಿಗೆ, ಅದು ಒಡೆದುಹೋದ್ರೆ ಓದೋದು ಹೇಗೆ? ಅದಕ್ಕೇ ಆ ಬಿಸಿನೀರು, ಆ ಬಟ್ಟೆ!"

ಫ್ಯಾನಮ್ಮ ಎದ್ದು ಪಾತ್ರೆಯಲ್ಲಿ ನೀರು ಕಾಯಿಸಿ, ಲೋಟಕ್ಕೆ ಬಗ್ಗಿಸಿ, ಕೋಣೆಯ ಬಾಗಿಲ ಹೊರಗೆ ಹಿಡಿದು ನಿಂತಳು. ಒಳಗೆ ಓದು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಅವಳಿಗೆ ಕೇಳಿ ತಿಳಿಯುವಂತಿರಲಿಲ್ಲ. ಬಾಗಿಲು ತೆರೆಯುವವರೆಗೂ ನಿಂತಳು. ನೀರು ತಣ್ಣಗಾಯಿತು. ಸೊಸೆ ಅದನ್ನೇ ಕುಡಿದಳು.

ಕಿವಿಯ ಡಾಕ್ಟರ ಬಳಿ ಹೋಗುವುದು ಸೋಮವಾರಕ್ಕೆ ಎಂದಾಯಿತು. ಶನಿವಾರ ಮಧ್ಯಾಹ್ನ ಸಂಸ್ಥೆಯವರ ಉತ್ತರ ಬಂತು. ಸೊಸೆ ಓಡಿ ಅಂಗಡಿಗೆ ಬಂದಳು, ಓಡುತ್ತಿದ್ದ ಫ್ಯಾನುಗಳ ನಡುವೆ ನಿಂತು, "ಒಪ್ಪಿದ್ರು ಅತ್ತೇ! ಪೂರ್ತಿ ಪುಸ್ತಕ ನನಗೇ ಕೊಟ್ರು!" ಎಂದು ಕೂಗಿದಳು.

ಫ್ಯಾನಮ್ಮ ಕೈಯಲ್ಲಿದ್ದ ತಾಮ್ರದ ಸುರುಳಿ ಕೆಳಗಿಟ್ಟಳು. "ಊರವರೆಲ್ಲ ಕೇಳೋ ಓದನ್ನ ನಾನೊಬ್ಬಳು ಕೇಳೋದು ಬೇಡವಾ?"

ಸೊಸೆ ಅವಳನ್ನು ಕೋಣೆಗೆ ಕರೆದೊಯ್ದು ಹೆಡ್‌ಫೋನನ್ನು ತಲೆಗೆ ಏರಿಸಿದಳು, ಕಿವಿಗೆ ಸರಿಯಾಗಿ ಕೂರಿಸಿದಳು. ಸದ್ದನ್ನು ಮೇಲಕ್ಕೆ, ಮತ್ತೂ ಮೇಲಕ್ಕೆ, ಕೊನೆಯವರೆಗೆ ಏರಿಸಿದಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಒಂದು ಹೆಂಗಸಿನ ದನಿ ಬಂತು. ತೆಳ್ಳಗೆ, ಅವಸರವಿಲ್ಲದೆ, ಪಕ್ಕದಲ್ಲೇ ಕೂತು ತನಗೊಬ್ಬಳಿಗೇ ಹೇಳುವ ಹಾಗೆ. ಕಥೆಯಲ್ಲಿ ಯಾರೋ ದೋಣಿಗಾಗಿ ಕಾಯುತ್ತಿದ್ದರು. ಫ್ಯಾನಮ್ಮ ಬೆರಗಾಗಿ ಸೊಸೆಯ ಮುಖ ನೋಡಿದಳು. ಸೊಸೆಯ ತುಟಿ ಮುಚ್ಚಿತ್ತು, ದನಿ ಮಾತ್ರ ಕಿವಿಯಲ್ಲಿ ಹರಿಯುತ್ತಲೇ ಇತ್ತು. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಈ ದನಿಯ ಪರಿಚಯವೇ ಅವಳಿಗಿರಲಿಲ್ಲ.

"ಎಷ್ಟು ಚೆನ್ನಾಗಿ ಓದ್ತೀಯೇ!" ಅಂದಳು.

ಕಿವಿಯ ತುಂಬ ಸೊಸೆಯ ಓದು ತುಂಬಿಕೊಂಡಿದ್ದವಳಿಗೆ ತನ್ನ ದನಿಯ ಅಳತೆ ಸಿಕ್ಕಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವಳು ಅರಚಿದ್ದಳು. ಸೊಸೆ ಹಿಂದಕ್ಕೆ ಹಾರಿ ಗೋಡೆಗೆ ತಾಗಿ ನಿಂತಳು. ಬೀದಿಯಾಚೆ ದರ್ಜಿ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಏನಾಯಿತೆಂದು ಹೊರಗೆ ಓಡಿಬಂದ.